ಬೆಚ್ಚಗಿದ್ದ ಬಾನೆಟ್ಟು

ಭಾನುವಾರ, ಬೆಳಿಗ್ಗೆ ಏಳು ಗಂಟೆ

ನನ್ನ ಕಡ್ಡಿಗೆ,

‘ದೊಡ್ಡಮ್ಮನ ಆಶೀರ್ವಾದಗಳು’ ಅಂತ ಮೇಲೆ ಬರೆದು ಹೊಡೆದುಹಾಕಿದ್ದೇನೆ, ನೋಡಿರುತ್ತೀಯ. ಪತ್ರ ಓದಿ ಮುಗಿಸಿದ ಮೇಲೂ ಅದು ಬೇಕು ಅನ್ನಿಸಿದರೆ ಗೆರೆಯ ಅಡಿಯಿಂದ ಓದಿಕೋ.

ಪತ್ರ ತಂದವನು ನಿನ್ನ ಅಣ್ಣ, ನನ್ನ ಮಗ. ಅವನ ಕೈಯಲ್ಲಿರುವ ಕೀಲಿ ನಿನ್ನ ದೊಡ್ಡಪ್ಪನ ಬಿಳಿ ಕಾರಿನದು. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ಒಂದು ಮಾತು: ಇನ್ನು ಮೇಲೆ ಆ ನೀಲಿ ಕಾರಿನಲ್ಲಿ ಕೂರಬೇಡ. ಮರಿಯನ್ನಂತೂ ಕೂರಿಸಲೇಬೇಡ. ಉಳಿದದ್ದನ್ನು ನಿಧಾನವಾಗಿ ಓದು.

ಫೋನಿನಲ್ಲೇ ಹೇಳಬಹುದಿತ್ತು. ಶುಕ್ರವಾರ ಎರಡು ಸಲ ಮಾಡಿದೆನಲ್ಲ. ಒಂದು ಸಲ ಮರಿಯ ಕೆಮ್ಮು ವಿಚಾರಿಸಿದೆ, ಇನ್ನೊಂದು ಸಲ ಉಣ್ಣೆ ಬಟ್ಟೆಯನ್ನು ಬಿಸಿನೀರಿಗೆ ಹಾಕಬೇಡ ಅಂತ ಪಾಠ ಮಾಡಿ ಇಟ್ಟೆ. ಫೋನು ಕೈಗೆ ಬಂದರೆ ನನ್ನ ಬಾಯಿ ಬುದ್ಧಿವಾದಕ್ಕೇ ನಿಲ್ಲುತ್ತದೆ. ಕಾಗದದ ಮುಂದೆ ಸ್ವಲ್ಪ ಹೆದರುತ್ತದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಈ ಬರವಣಿಗೆಯೆಲ್ಲ ಇಲ್ಲಿಗೆ ಬಂದ ಮೇಲೆ, ಹೋಟೆಲಿನ ಇಸ್ತ್ರಿ ಕೋಣೆಯಲ್ಲಿ ಊಟದ ಬಿಡುವಿನಲ್ಲಿ ಹಳೇ ವಾರಪತ್ರಿಕೆ ಓದಿ ಕಲಿತದ್ದು. ತಪ್ಪಿದ್ದರೆ ತಿದ್ದಿಕೊಂಡು ಓದು. ಅಕ್ಷರದ ತಪ್ಪಿನ ಮಾತು ಹೇಳಿದೆ. ಉಳಿದದ್ದು ನಿನ್ನ ಕೈಯಿಂದ ತಿದ್ದುವಂಥದ್ದಲ್ಲ.

ನೀನು ಈ ದೇಶಕ್ಕೆ ಬಂದು ಐದು ತಿಂಗಳು. ನೀನು ಕೆಲಸ ಮಾಡುವ ಕಣ್ಣಾಸ್ಪತ್ರೆ ಸೇತುವೆಯಾಚೆ, ಮರಿಯ ಶಾಲೆ ಈಚೆ, ನಿನ್ನ ಯಜಮಾನರು ಇಲ್ಲಿಗೆ ಬರುವ ಕಾಗದಪತ್ರ ಇನ್ನೂ ಆಗಿಲ್ಲ. ದಿನಾ ಎರಡೆರಡು ಬಸ್ಸು ಹತ್ತಿಳಿದು ನಿನ್ನ ಮುಖ ಇಷ್ಟಾಗಿತ್ತು. ಆಗ ನನ್ನ ಅಡುಗೆಮನೆಯಲ್ಲಿ ನಿಂತು ಹೇಳಿದ ಮಾತು ಈಗಲೂ ಕಿವಿಯಲ್ಲಿದೆ. “ದೊಡ್ಡಮ್ಮ, ಒಂದು ಚಿಕ್ಕ ಹಳೇ ಕಾರು ನೋಡ್ಕೊಡಿ. ಚಂದ ಇಲ್ದಿದ್ರೂ ಪರ್ವಾಗಿಲ್ಲ. ನಡುದಾರೀಲಿ ಕೈ ಕೊಡಬಾರದು, ಅಷ್ಟೇ.”

ನಾಲ್ಕು ಭಾನುವಾರ ನಾಲ್ಕು ಕಾರು ನೋಡಿದೆವು. ಮೊದಲನೆಯದರ ಕಾಲಡಿಯ ಹಾಸು ಎತ್ತಿ ಮೂಸಿ, ಇದು ನೀರಲ್ಲಿ ಮುಳುಗಿ ಎದ್ದ ಗಾಡಿ ಅಂತ ಹೇಳಿದೆ. ನೀನು ಬೆರಗಾದೆ. ಎರಡನೆಯದು ಓಡಿದ್ದು ಕಡಿಮೆ ಅಂತ ಮೀಟರು ಹೇಳುತ್ತಿತ್ತು, ಆದರೆ ಬ್ರೇಕಿನ ಪೆಡಲ್ಲಿನ ರಬ್ಬರು ಹಳೇ ಚಪ್ಪಲಿಯ ಹಾಗೆ ಸವೆದಿತ್ತು. ಮೀಟರು ಸುಳ್ಳು ಹೇಳಬಹುದು, ಕಾಲು ಹೇಳುವುದಿಲ್ಲ ಅಂದೆ. ನೀನು ಅದನ್ನು ಫೋನಿನಲ್ಲಿ ಬರೆದುಕೊಂಡೆ ಬೇರೆ. ಮೂರನೆಯದು ನಿವೃತ್ತ ಲೆಕ್ಕದ ಮೇಷ್ಟರದು, ಬೂದಿ ಬಣ್ಣದ್ದು. ಸರ್ವಿಸ್ ಪುಸ್ತಕದಲ್ಲಿ ಒಂದು ಮುದ್ರೆಯೂ ತಪ್ಪಿರಲಿಲ್ಲ. ಬೀದಿಯ ನೆರಳಲ್ಲಿ ತಣ್ಣಗೆ ನಿಂತಿದ್ದದ್ದು ಕೀಲಿ ತಿರುಗಿಸಿದ ಕೂಡಲೇ ಮಾತಾಡಿತು. ನಿನ್ನ ಕಣ್ಣು ಅದರ ಮೇಲೇ ಇತ್ತು. ನಾನು ಏನೆಂದೆ? ಬಣ್ಣ ನೋಡಿದರೇ ಜೀವ ಬಾಡುತ್ತೆ, ಬೇಡ ಅಂದೆ. ಇಷ್ಟು ವರ್ಷದಲ್ಲಿ ನಾನು ಬಣ್ಣ ನೋಡಿ ಒಂದು ಬಕೆಟ್ಟನ್ನೂ ಕೊಂಡವಳಲ್ಲ.

ನಾಲ್ಕನೆಯದು ನೀಲಿ ಕಾರು. ಬಣ್ಣದ ಅಂಗಡಿಯವನ ಮನೆಯ ಮುಂದೆ ನಿಂತಿತ್ತು.

ನಿನ್ನ ದೊಡ್ಡಪ್ಪ ಇದ್ದಾಗ ಇಪ್ಪತ್ತೊಂದು ವರ್ಷ ಈ ಊರಿನಲ್ಲಿ ಟ್ಯಾಕ್ಸಿ ಓಡಿಸಿದವರು. ಗಾಡಿ ನೋಡಲು ಹೋದರೆ ಮಾಲೀಕನಿಗೆ ನಮಸ್ಕಾರ ಹೇಳುವುದಕ್ಕೂ ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಡುತ್ತಿದ್ದರು. “ಬೆಚ್ಚಗಿದ್ರೆ ಇವನು ಮೊದಲೇ ಚಾಲೂ ಮಾಡಿಟ್ಟಿದ್ದಾನೆ ಅಂತ. ತಣ್ಣಗಿರೋ ಇಂಜಿನ್ನೇ ನಿಜ ಹೇಳೋದು ಕಣೇ.” ಬೆಚ್ಚಗಿದ್ದರೆ ಟೀಯನ್ನೂ ಕುಡಿಯದೆ ವಾಪಸು ಬರುತ್ತಿದ್ದರು. ಇದನ್ನು ನಿನಗೆ ಮೊದಲ ಭಾನುವಾರವೇ ಹೇಳಿದ್ದೆ.

ಆ ದಿನವೂ ಅಂಗೈ ಇಟ್ಟೆ. ನೀನು ಪಕ್ಕದಲ್ಲಿ ಮರಿಯ ಕೈ ಹಿಡಿದು ನಿಂತು ನನ್ನ ಮುಖ ನೋಡುತ್ತಿದ್ದೆ. ನಾನು “ತಣ್ಣಗಿದೆ” ಅಂದೆ.

ತಣ್ಣಗಿರಲಿಲ್ಲ, ಕಡ್ಡಿ.

ಇಸ್ತ್ರಿ ಹಾಕಿ ಹಾಕಿ ಅಂಗೈ ದಪ್ಪವಾಗಿದೆ, ಬಿಸಿ ತಿಳಿಯಲಿಲ್ಲ ಅಂತ ಬರೆಯೋಣ ಅಂದುಕೊಂಡಿದ್ದೆ. ಅದನ್ನೂ ಬರೆದು ಹರಿದೆ. ನಾಲ್ಕು ಮಡಿಕೆಯ ಹಾಸಿಗೆ ಬಟ್ಟೆಯ ನಡುವಿನ ಪದರದಲ್ಲಿ ತೇವ ಉಳಿದಿದೆಯೋ ಇಲ್ಲವೋ ಅಂತ ಮೇಲಿಂದ ಮುಟ್ಟಿ ಹೇಳುವ ಕೈ ಇದು. ಮೇಲ್ವಿಚಾರಕಿ ಹೊಸ ಹುಡುಗಿಯರನ್ನು ಕಲಿಯಲು ನನ್ನ ಹತ್ತಿರವೇ ಕಳಿಸುತ್ತಾಳೆ.

ಆ ಕಾರು ನಿನ್ನ ಅಣ್ಣನದು. ಅವನು ಬೇರೆ ಊರಿನಲ್ಲಿರುವುದರಿಂದ ನೀನು ಅದನ್ನು ನೋಡಿರಲಿಲ್ಲ. ಹೋದ ಚಳಿಗಾಲದಲ್ಲಿ ರಸ್ತೆ ಬದಿಯ ಕಂಬಕ್ಕೆ ಗುದ್ದಿಸಿದ್ದ. ಮುಂದಿನ ಎಡಗಡೆ ಒಳಚೌಕಟ್ಟೇ ಬಗ್ಗಿಹೋಗಿತ್ತು. ಬೆಸುಗೆ ಹಾಕಿಸಿ ಮೇಲೆ ಬಣ್ಣ ಹೊಡೆಸಿದ್ದಾಯಿತು. ಅಂದಿನಿಂದ ತಣ್ಣಗಿದ್ದಾಗ ಚಾಲೂ ಮಾಡಿದರೆ ಕೆಮ್ಮುತ್ತದೆ, ಹೊಗೆ ಬಿಡುತ್ತದೆ. ನಾವು ಕಾರು ಹುಡುಕುವ ಹೊತ್ತಿಗೆ ನಿನ್ನ ಅತ್ತಿಗೆಗೆ ದಿನ ತುಂಬುತ್ತಿತ್ತು, ಅವರಿಗೆ ಬೇರೆ ಗಾಡಿ ಬೇಕಿತ್ತು. ಕಾರಿನ ಕಾಗದಪತ್ರವನ್ನು ಅವನ ಗೆಳೆಯನಾದ ಬಣ್ಣದ ಅಂಗಡಿಯವನ ಹೆಸರಿಗೆ ಮಾಡಿಟ್ಟಿದ್ದರು. ಮಗ ನನ್ನನ್ನು ಬೇಡಿಕೊಂಡ, ಇದೊಂದು ಸಲ ಅಮ್ಮಾ ಅಂದ. ಹೆತ್ತ ಕರುಳು, ಸೋತೆ. ಬಾನೆಟ್ಟು ಮುಟ್ಟಿದಾಗಲೇ ಅವರು ಏನು ಮಾಡಿದ್ದಾರೆ ಅಂತ ನನಗೆ ಹೊಳೆದದ್ದು. ಆದರೂ ಬಾಯಿ ಮುಚ್ಚಿಕೊಂಡೆ. ಅವನಿಗೂ ನಾಚಿಕೆ ಇದ್ದ ಹಾಗಿದೆ, ಅಂದಿನಿಂದ ನನ್ನ ಹತ್ತಿರ ಸರಿಯಾಗಿ ಮಾತಾಡಿಲ್ಲ. ಬಾಗಿಲಲ್ಲಿ ನಿಂತಿದ್ದರೆ ನೀನೂ ನಾಲ್ಕು ಮಾತು ಅನ್ನು, ತಪ್ಪಿಲ್ಲ.

ಆಮೇಲಿನದು ಇದಕ್ಕಿಂತ ಹೀನ. ಮೂರು ವಾರದ ಹಿಂದೆ ಸೇತುವೆಯ ನಡುವೆ ಗಾಡಿ ನಿಂತಿತು. ಹಿಂದೆ ಲಾರಿಗಳು, ಪಕ್ಕದಲ್ಲಿ ಕಂಬಿ, ಹಿಂದಿನ ಸೀಟಿನಲ್ಲಿ ಮರಿ. ಯಾರೋ ಇಬ್ಬರು ಇಳಿದು ತಳ್ಳಿದರಂತೆ. ಸಂಜೆ ನೀನು ಫೋನು ಮಾಡಿದೆ. ಬಯ್ಯುತ್ತೀಯ ಅಂತ ಎದೆ ಗಟ್ಟಿ ಮಾಡಿಕೊಂಡಿದ್ದೆ. ನೀನು ನನ್ನ ಹತ್ತಿರ ಕ್ಷಮೆ ಕೇಳಿದೆ. “ನೀವು ಅಷ್ಟು ನೋಡಿ ಕೊಡ್ಸಿದ್ದು ದೊಡ್ಡಮ್ಮ, ನಾನೇ ಏನೋ ತಪ್ಪು ಓಡಿಸ್ತಿದೀನಿ ಅನ್ಸುತ್ತೆ.”

ಅದಕ್ಕೆ ನಾನು ನಿನಗೆ ಕ್ಲಚ್ಚಿನ ಬಗ್ಗೆ ಪಾಠ ಮಾಡಿದೆ. ಅರ್ಧ ಗಂಟೆ. ಕಾಲನ್ನು ಮೆತ್ತಗೆ ಎತ್ತಬೇಕು, ಅವಸರ ಮಾಡಬಾರದು ಅಂತೆಲ್ಲ. ನೀನು ಹೂಂ ಹೂಂ ಅಂತ ಕೇಳಿದೆ. ಫೋನಿಟ್ಟ ಮೇಲೆ ಇಸ್ತ್ರಿ ಮಾಡಿದ್ದ ಸೀರೆಯನ್ನೇ ಮತ್ತೆ ಇಸ್ತ್ರಿ ಮಾಡುತ್ತ ಕೂತಿದ್ದೆ.

ಅಷ್ಟಾದರೂ ಈ ಪತ್ರ ಬರೆಯಲಿಲ್ಲ. ಬರೆಸಿದ್ದು ಗುರುವಾರ ನೀನು ನಗುತ್ತ ಹೇಳಿದ ಸುದ್ದಿ. ಮರಿ ದಿನಾ ಬೆಳಿಗ್ಗೆ ಕಾರು ಹತ್ತುವ ಮುಂಚೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಅಜ್ಜಿಯ ಹಾಗೆ ಕತ್ತು ಓರೆ ಮಾಡಿ, “ತಣ್ಣಗಿದೆ, ಹೋಗಬಹುದು” ಅನ್ನುತ್ತಾಳಂತೆ. ಅವಳಿಗೆ ಅಪ್ಪಣೆ ಕೊಡಲು ಕಲಿಸಿದ್ದು ನಾನು.

ಇನ್ನು ಬಿಳಿ ಕಾರು. ಇದರಲ್ಲಿರುವ ಕೊರತೆಗಳನ್ನೂ ಹೇಳಿಬಿಡುತ್ತೇನೆ. ಹಿಂದಿನ ಎಡಗಡೆ ಗಾಜು ಇಳಿಯುವುದಿಲ್ಲ. ಬ್ಯಾಟರಿ ಹಳೆಯದು, ಚಳಿಗೆ ಮುಂಚೆ ಬದಲಾಯಿಸು. ಓಡಿಸುವವರ ಸೀಟು ನಿನ್ನ ದೊಡ್ಡಪ್ಪನ ಮೈಗೆ ತಗ್ಗಿದೆ, ನೀನು ದಿಂಬು ಹಾಕಿಕೊಳ್ಳಬೇಕು. ಬ್ರೇಕು ಕಳೆದ ತಿಂಗಳು ಹೊಸದು ಹಾಕಿಸಿದ್ದೇನೆ, ಚೀಟಿ ಕಾರಿನ ಮುಂದಿನ ಡಬ್ಬಿಯಲ್ಲಿದೆ. ಇದ್ಯಾವುದನ್ನೂ ನಂಬಬೇಡ. ನಿನ್ನ ಆಸ್ಪತ್ರೆಯ ಹತ್ತಿರದ ಮೆಕ್ಯಾನಿಕ್ಕಿಗೆ, ನನಗೆ ಗುರುತಿಲ್ಲದವನಿಗೆ, ತೋರಿಸು. ಅಣ್ಣ ಓಡಿಸಿಕೊಂಡು ಬಂದಿರುವುದರಿಂದ ಈಗ ಬಿಸಿಯಾಗಿರುತ್ತದೆ. ನಾಳೆ ಬೆಳಿಗ್ಗೆ ನೀನೇ ಮುಟ್ಟಿ ನೋಡಿ ಚಾಲೂ ಮಾಡು.

ನೀಲಿಯ ಕೀಲಿಯನ್ನು ಅವನ ಕೈಗೆ ಕೊಡು. ಎಳೆದೊಯ್ಯುವ ಗಾಡಿಗೆ ಹೇಳಿದ್ದಾನೆ, ಅದು ನೇರ ಗುಜರಿಗೆ. ನೀನು ಕೊಟ್ಟಿದ್ದ ಹಣ ಪೂರ್ತಿ ಲಕೋಟೆಯಲ್ಲಿದೆ. ನನ್ನ ಕೆಲಸಕ್ಕೆ ಬಸ್ಸಿದೆ, ನಿಲ್ದಾಣ ಎದುರಿಗೇ. ನೀನು ಅಷ್ಟು ದಿನ ಹತ್ತಿದ್ದನ್ನು ನಾನೂ ಹತ್ತಿ ನೋಡುತ್ತೇನೆ.

ಫೋನು ಮಾಡಲೇಬೇಕು ಅಂತಿಲ್ಲ. ಮರಿ ಕೇಳಿದರೆ ಏನು ಹೇಳಬೇಕು ಅಂತ ನೀನೇ ನಿರ್ಧರಿಸು.

ಯಾವ ಮುಖದಿಂದ ಬರೆಯಲಿ ಅನ್ನುತ್ತಲೇ ಇಷ್ಟು ಬರೆದ
ನಿನ್ನ ದೊಡ್ಡಮ್ಮ

ಮರೆತ ಮಾತು: ಮರೆತದ್ದಲ್ಲ. ಅಂಟಿಸಿದ ಲಕೋಟೆಯನ್ನು ಮತ್ತೆ ಬಿಡಿಸಿ ಬರೆಯುತ್ತಿದ್ದೇನೆ. ಅಣ್ಣ ಹೊಸಿಲ ಮೇಲೆ ಕೂತು ಬೂಟಿನ ಲಾಡಿ ಕಟ್ಟುತ್ತಿದ್ದಾನೆ. ಅವನು ಬೇಡಿಕೊಂಡ ಅಂತ ಮೇಲೆ ಬರೆದೆನಲ್ಲ, ಅದು ಸುಳ್ಳು. ಅವನು ಗುಜರಿಗೇ ಹಾಕಲು ಹೊರಟಿದ್ದ. ಗುಜರಿಗೆ ಯಾಕೆ, ಅವಳಿಗೆ ಗಾಡಿ ಬೇಕಂತೆ, ಅವಳಿಗೇನು ತಿಳಿಯುತ್ತೆ ಅಂದವಳು ನಾನು. “ಅವಳು ಮಗು ಕೂರಿಸ್ಕೊಂಡು ಓಡಿಸ್ತಾಳಮ್ಮ, ಬೇಡ” ಅಂತ ಅವನು ಎರಡು ಸಲ ಹೇಳಿದ. ಹೆಂಡತಿಯ ಹೆರಿಗೆಯ ಖರ್ಚು ಎತ್ತಿ ಬಾಯಿ ಮುಚ್ಚಿಸಿದೆ. ಬೇರೆ ಹೆಸರಿಗೆ ಮಾಡಿಸಿದ ಉಪಾಯವೂ ನನ್ನದೇ. ಆ ಭಾನುವಾರ ನೀನು ಮರಿಗೆ ಸ್ವೆಟರು ಹಾಕುತ್ತಿದ್ದಾಗ ನಾನು ಒಳಗೆ ಹೋಗಿ ಬಣ್ಣದ ಅಂಗಡಿಯವನಿಗೆ ಫೋನು ಮಾಡಿದೆ. ಹೊರಡುತ್ತಿದ್ದೇವೆ, ಗಾಡಿ ಚಾಲೂ ಮಾಡಿಡು ಅಂದೆ. ಅದನ್ನು ನನಗೆ ಕಲಿಸಿದ್ದು ಯಾರು ಅಂತ ನಿನಗೆ ಗೊತ್ತು.

ಅವನಿಗೆ ಏನೂ ಅನ್ನಬೇಡ. ಒಳಗೆ ಕರೆದು ಕೂರಿಸು.