ನಿಂಬೆಹಣ್ಣಿಗೆ ಗೇಣು ದೂರ

17-3-1963, ಭಾನುವಾರ

ಹೋದ ವಾರ ಹನುಮಂತನಗರದ ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ನನ್ನ ಹಳೇ ಪಿಕಪ್ ಬೇವಿನಮರಕ್ಕೆ ಗುದ್ದಿತ್ತು. ಅವತ್ತಿನಿಂದ ಅಣ್ಣ ಬೈರಣ್ಣನದು ಒಂದೇ ರಾಗ: "ಗುಜರಿಗೆ ಹಾಕೋ ಈ ಡಬ್ಬಾನ."

ತುಕ್ಕು ಹಿಡಿದ ಬ್ರೇಕ್ ಪೈಪುಗಳನ್ನೆಲ್ಲ ಕಿತ್ತು, ಹೊಸ ಪೈಪು, ಹೊಸ ನಟ್ಟು ನಾನೇ ಹಾಕಿದೆ. ಅಮ್ಮ ಪೆಡಲ್ ತುಳಿದಳು, ನಾನು ಕೆಳಗೆ ಮಲಗಿ ಪೈಪಿನ ಗಾಳಿ ತೆಗೆದೆ.

ಇವತ್ತು ಅದೇ ಇಳಿಜಾರು. ಚಕ್ರದ ಕೆಳಗೆ ಇಡಲು ಅಮ್ಮ ತಂದ ನಿಂಬೆಹಣ್ಣನ್ನ ಕಿತ್ಕೊಂಡು ಬೇವಿನಮರದ ಹತ್ತಿರ ಇಟ್ಟೆ. ಮೇಲಿನಿಂದ ಗಾಡಿ ಬಿಟ್ಟೆ. ಹಣ್ಣಿಗೆ ಒಂದು ಗೇಣು ದೂರದಲ್ಲಿ ನಿಂತೇಬಿಡ್ತು!

"ಹಣ್ಣು ಜಜ್ಜಬೇಕು ಕಣೋ, ಶಾಸ್ತ್ರ!" ಅಂತ ಅಮ್ಮ ಬೈದಳು. ಬೈರಣ್ಣ ಬಂದು ಗಾಡಿಯಲ್ಲಿ ನನ್ನ ಪಕ್ಕ ಕೂತ.

ಮನೆಗೆ ಬಂದು ಅದೇ ಹಣ್ಣಿನ ಪಾನಕ ಮಾಡಿದೆ. ಮೊದಲ ಲೋಟ ಅಣ್ಣನಿಗೆ, ಬೇಕಂತಲೇ ಸಕ್ಕರೆ ಹಾಕದೆ. ಪೂರ್ತಿ ಕುಡಿದ.