ಪ್ಲೀಡರ್ ಮನೆಯ ಎರಡು ಮೊಳ

ಮಧುಗಿರಿ, ೧೯೩೮

೭ ಮಾರ್ಚ್, ಸೋಮವಾರ. ಬೆಳಿಗ್ಗೆ ಏಳೂವರೆ.

ಇಂದೂ ಅಳತೆ ನಡೆಯಿತು. ಜಗಲಿಯಲ್ಲಿ ನಿಂತು ಪೂರ್ತಿ ನೋಡಿದೆ. ಟಿಕೆಟ್ಟಿಲ್ಲದ ನಾಟಕ, ಬಿಡುವುದುಂಟೇ.

ನಮ್ಮ ಬೀದಿಯಲ್ಲಿ ಹದಿನಾರು ಮನೆಗೆ ನರಸಮ್ಮನದೇ ವರ್ತನೆ ಹೂವು. ದಿನಕ್ಕೆ ಇಷ್ಟು ಮೊಳ ಎಂದು ಒಮ್ಮೆ ಹೇಳಿದರೆ ಮುಗಿಯಿತು. ಮತ್ತೆ ಕರೆಯಬೇಕಿಲ್ಲ, ಕೇಳಬೇಕಿಲ್ಲ. ಕೆರೆಯಾಚೆಯ ತೋಟದಿಂದ ಬುಟ್ಟಿ ಹೊತ್ತು ಬಂದು ಬಾಗಿಲಿಗೇ ಕೊಟ್ಟು ಹೋಗುತ್ತಾಳೆ. ಹದಿನೈದು ಮನೆಯಲ್ಲಿ ಅವಳ ಕೈಯೇ ಮೊಳ. ಹದಿನಾರನೆಯದು ನಮ್ಮ ಪಕ್ಕದ ಮನೆ — ಪ್ಲೀಡರ್ ಚಂದ್ರಶೇಖರಯ್ಯನವರದು. ಅಲ್ಲಿ ಕಾನೂನು ಬೇರೆ. ನರಸಮ್ಮ ಗಿಡ್ಡಿ, ಆದ್ದರಿಂದ ಅವಳ ಮೊಳವೂ ಗಿಡ್ಡ, ಆದ್ದರಿಂದ ಮಲ್ಲಿಗೆಯಲ್ಲಿ ಮೋಸ. ಹೀಗೆ ವಾದಿಸಿ ಗೆದ್ದವರು ಪ್ಲೀಡರಲ್ಲ, ಅವರ ಹೆಂಡತಿ ರಾಜಲಕ್ಷ್ಮಮ್ಮನವರು.

ಅಂದಿನಿಂದ ಆರಡಿ ಎತ್ತರದ ಪ್ಲೀಡರು ಕರೀ ಕೋಟಿನ ತೋಳು ಮಡಚಿ ಬಾಗಿಲಲ್ಲಿ ಕೈ ಚಾಚುತ್ತಾರೆ. ನರಸಮ್ಮ ಮೊಣಕೈಯಿಂದ ಬೆರಳ ತುದಿಯವರೆಗೆ ಎರಡು ಸಲ ಮಾಲೆ ಹಿಡಿದು ನಾರು ಕೊಯ್ಯುತ್ತಾಳೆ. ಕಕ್ಷಿದಾರರು ಜಗಲಿಯಲ್ಲಿ ಕೂತು ನೋಡುತ್ತಾರೆ. ಕೈಯನ್ನು ಅಳತೆಗೋಲಾಗಿ ಹೆಂಡತಿಗೆ ಅರ್ಪಿಸಿದ ಕಾನೂನು ಪಂಡಿತರು ಇಡೀ ಮೈಸೂರು ಸಂಸ್ಥಾನದಲ್ಲಿ ಇವರೊಬ್ಬರೇ. ಶಾಸನ ಕೆತ್ತಿಸಬೇಕು. ನಮ್ಮೂರ ಬೆಟ್ಟದಲ್ಲಿ ಬಂಡೆಗೇನು ಕೊರತೆ.

೯ ಮಾರ್ಚ್

ಗುಮಾಸ್ತೆ ಕೆಲಸಕ್ಕೆ ಅರ್ಜಿ ಹಾಕಬೇಕು. ಗಣ್ಯರೊಬ್ಬರಿಂದ ನಡತೆ ಸರ್ಟಿಫಿಕೇಟು ಬೇಕಂತೆ. ಊರಿನ ಗಣ್ಯರ ಪಟ್ಟಿ ಮಾಡಿದೆ. ನಗು ಬಂತು. ಅಮ್ಮ ಬೈದು ಪ್ಲೀಡರ ಹತ್ತಿರ ಅಟ್ಟಿದರು.

ಪ್ಲೀಡರು ಗಂಭೀರವಾಗಿ ಬರೆದು, ಗಂಭೀರವಾಗಿ ಮಸಿ ಒತ್ತಿ, ಕೊಟ್ಟರು. ಎರಡೇ ಸಾಲು: “ಚಿಕ್ಕರಂಗನನ್ನು ಹುಟ್ಟಿದಾಗಿನಿಂದ ಬಲ್ಲೆ. ಹೆಚ್ಚಿಗೆ ಹೇಳಲು ಇಚ್ಛೆಯಿಲ್ಲ.”

ಅಮ್ಮನಿಗೆ ತೋರಿಸಿದೆ. ಎರಡು ಸಲ ಓದಿ, ಸರಿಯಾಗೇ ಬರೆದಿದಾರೆ ಅಂದರು.

೧೪ ಮಾರ್ಚ್, ಸೋಮವಾರ

ಪ್ಲೀಡರು ಕೇಸಿಗೆಂದು ಬೆಂಗಳೂರಿಗೆ ಹೊರಟರು. ಐದಾರು ದಿನ. ಬಸ್ಸು ಏರುವಾಗಲೂ ಬಗಲಲ್ಲಿ ಕಾನೂನು ಪುಸ್ತಕ. ಊರು ಅನಾಥವಾಯಿತು. ನಾನು ಕಣ್ಣೊರೆಸಿಕೊಂಡೆ, ಧೂಳಿಗೆ.

ಅವರು ಹೋದ ಗಳಿಗೆಯಲ್ಲೇ ಪಕ್ಕದ ಮನೆಯಿಂದ ಕರೆ ಬಂತು. ಕೈ ಹೋಯಿತಲ್ಲ, ಇನ್ನು ಹೂವು ಅಳೆಯುವುದು ಹೇಗೆ? ರಾಜಲಕ್ಷ್ಮಮ್ಮನವರು ನನ್ನನ್ನು ಬಾಗಿಲಿಗೆ ನಿಲ್ಲಿಸಿ ಮೇಲಿಂದ ಕೆಳಗೆ ನೋಡಿದರು. “ಲೋ ಚಿಕ್ಕರಂಗ, ನೀನೂ ಉದ್ದ ಇದೀಯ. ಅವ್ರು ಬರೋವರ್ಗೂ ದಿನಾ ಬೆಳಿಗ್ಗೆ ಬಂದು ಕೈ ಕೊಟ್ಟು ಹೋಗು.”

ಬೇಡವೆನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅಮ್ಮ ನಮ್ಮ ಬಾಗಿಲಿನಿಂದ ಹೂಂ ಅಂದಾಗಿತ್ತು.

೧೫ ಮಾರ್ಚ್

ಕೈ ಕೊಟ್ಟೆ. ಎದುರುಮನೆ ಅಶ್ವತ್ಥಮ್ಮ ರಂಗೋಲಿ ಹಾಕುವುದನ್ನು ನಿಲ್ಲಿಸಿ ನೋಡಿದರು. “ಕೆಲ್ಸ ಸಿಗ್ಲಿಲ್ಲ ಅಂತಿದ್ಯಲ್ಲಪ್ಪ, ಸಿಕ್ತು ನೋಡು.”

ಈ ಬೀದಿಯ ಸುದ್ದಿಯೆಲ್ಲ ಇವರ ಬಾಯಲ್ಲಿ ಹುಟ್ಟಿ ಇವರ ಕಿವಿಯಲ್ಲೇ ಬೆಳೆಯುತ್ತದೆ. ಸಂಜೆಯ ಹೊತ್ತಿಗೆ ನನ್ನ ಉದ್ಯೋಗ ಕೋಟೆ ಬಾಗಿಲವರೆಗೂ ಪ್ರಸಿದ್ಧ.

೧೭ ಮಾರ್ಚ್

ನನ್ನ ಕೈ ಪ್ಲೀಡರ ಕೈಗಿಂತ ಒಂದು ಬೆರಳು ಗಿಡ್ಡವಂತೆ. ರಾಜಲಕ್ಷ್ಮಮ್ಮನವರು ಎಲ್ಲರೆದುರು ಹೇಳಿದರು. ಬೆರಳಗಲ ಹೆಚ್ಚಿಗೆ ಬಿಡು ಎಂದು ನರಸಮ್ಮನಿಗೆ ತಾಕೀತು.

ಮಾಲೆ ತಗ್ಗಿಸುವಾಗ ನರಸಮ್ಮ ಮೆಲ್ಲಗೆ, “ಕೈ ಏನ್ ಎಳ್ದು ಉದ್ದ ಮಾಡಕಾಯ್ತದಾ, ಬುಡು ಸಾಮಿ,” ಅಂದಳು. ಈ ಬೀದಿಯಲ್ಲಿ ಬುದ್ಧಿಯಿರುವವಳು ಅವಳೊಬ್ಬಳೇ.

ನಿರ್ಧಾರ ಮಾಡಿದೆ. ಹೂವೇ ಇಲ್ಲದಿದ್ದರೆ ಕೈ ಯಾಕೆ? ಒಂದು ಬೆಳಿಗ್ಗೆ ರಾಜಲಕ್ಷ್ಮಮ್ಮನವರು ಬೋಳು ಜಡೆಯಲ್ಲಿ ಬೀದಿ ನೋಡುತ್ತಾ ನಿಲ್ಲಲಿ. ಅದನ್ನು ನೋಡಿದರೆ ಸರ್ಟಿಫಿಕೇಟಿನ ಎರಡು ಸಾಲೂ ಮರೆತುಬಿಡುತ್ತೇನೆ.

೧೮ ಮಾರ್ಚ್, ಶುಕ್ರವಾರ

ಆಯಿತು. ಅಳತೆ ಮುಗಿದ ಮೇಲೆ ಬೀದಿಯ ಮೂಲೆಯಲ್ಲಿ ನರಸಮ್ಮನನ್ನು ನಿಲ್ಲಿಸಿದೆ. ನಾಳೆಯಿಂದ ಪ್ಲೀಡರ್ ಮನೆಗೆ ಹೂವು ನಿಲ್ಲಿಸು ಎಂದೆ. ಆಗಿನ ನನ್ನ ಮುಖ ನಾನೇ ನೋಡಿಕೊಳ್ಳಬೇಕಿತ್ತು. ಕಣ್ಣು ನೆಲದ ಮೇಲೆ, ದನಿ ಬಾವಿಯೊಳಗೆ.

“ಯಾಕ್ ಸಾಮಿ, ಏನಾಯ್ತು?”

“ಕೇಳಬೇಡ ನರಸಮ್ಮ. ಅವರನ್ನೂ ಏನೂ ಕೇಳಬೇಡ.”

ಅವಳು ಬುಟ್ಟಿ ಕೆಳಗಿಟ್ಟಳು. ಸೆರಗು ಬಾಯಿಗೆ ಹಿಡಿದಳು. “ಯಾವಾಗ?” ಅಂದಳು. ನಾಳೆಯಿಂದಲೇ ಎಂದೆ. ಇನ್ನೂ ಏನೋ ಕೇಳಬೇಕೆಂದಿದ್ದಳು. ನಾನು ತಲೆ ತಗ್ಗಿಸಿ ನಡೆದುಬಿಟ್ಟೆ. ಒಂದು ಮಾತಿಗೇ ಅವಳ ಕಣ್ಣಲ್ಲಿ ನೀರು. ನಾಟಕದ ಕಂಪನಿಯವರು ನನ್ನಂಥವನನ್ನು ಬಿಟ್ಟು ಯಾರ್ಯಾರನ್ನೋ ಸೇರಿಸಿಕೊಳ್ಳುತ್ತಾರೆ.

೧೯ ಮಾರ್ಚ್, ಶನಿವಾರ. ಬೆಳಿಗ್ಗೆ ಏಳು.

ಅಪೂರ್ವ. ನರಸಮ್ಮ ಪ್ಲೀಡರ್ ಬಾಗಿಲು ದಾಟಿ ಹೋದಳು. ರಾಜಲಕ್ಷ್ಮಮ್ಮನವರು ಕೂಗಿದರು. ತಿರುಗಲಿಲ್ಲ. ಸೆರಗು ಬಾಯಿಗೆ ಹಿಡಿದು ಓಡಿದಂತೆ ನಡೆದಳು. ಎದುರುಮನೆಯವರು ತಡೆದು ಏನೋ ಕೇಳಿದರು. ನಿಲ್ಸು ಅಂದವ್ರೆ ಕಣವ್ವ ಎಂದಷ್ಟೇ ಕೇಳಿಸಿತು. ಅಶ್ವತ್ಥಮ್ಮನ ಕೈಯಿಂದ ರಂಗೋಲಿ ಡಬ್ಬಿ ಬಿತ್ತು. ಡಬ್ಬಿ ಬೀಳುವಂಥದ್ದೇನಿದೆಯೋ.

ಒಂಬತ್ತು.

ಹೆಂಗಸರು ಒಬ್ಬೊಬ್ಬರಾಗಿ ಪಕ್ಕದ ಮನೆಗೆ ಹೋಗುತ್ತಿದ್ದಾರೆ. ಯಾರೂ ಮಾತಾಡುತ್ತಿಲ್ಲ. ನಮ್ಮ ಬೀದಿಯ ಹೆಂಗಸರು!

ಹನ್ನೊಂದು.

ಅಮ್ಮ ಒಲೆ ಆರಿಸಿ ಬಂದು ಕಂಬಕ್ಕೊರಗಿ ಕೂತರು. ಪ್ಲೀಡರು ಹೋಗಿಬಿಟ್ಟರಂತೆ ಕಣೋ ಅಂದರು. ಯಾರು ಹೇಳಿದ್ದು ಎಂದೆ. “ಯಾರು ಹೇಳ್ಬೇಕೋ? ವರ್ತನೆ ಹೂವು ನಿಂತಿದೆ. ಮುತ್ತೈದೆ ಮನೆ ಬಾಗಿಲಿಗೆ ಹೂವು ಇನ್ಯಾವುದಕ್ಕೆ ನಿಲ್ಲತ್ತೆ?”

ಊರಿನ ಪ್ರತಿ ಹೆಂಗಸಿಗೂ ಈ ಅರ್ಥ ಗೊತ್ತಿತ್ತು. ನನಗೆ ಯಾರೂ ಹೇಳಿರಲಿಲ್ಲ. ನಾನು ಹೂವು ಮುಡಿದವನಲ್ಲ.

ಹೋಗಿ ಹೇಳಬೇಕು. ಇಪ್ಪತ್ತು ಹೆಜ್ಜೆ. ಊರಿನ ಅತಿ ಉದ್ದದ ನಾಲಿಗೆ ನನ್ನದು. ಕಿಟಕಿ ಹಿಂದೆ ನಿಂತೇ ಇದ್ದೇನೆ.

ಸಂಜೆ ಆರು.

ಹನ್ನೆರಡರ ಹೊತ್ತಿಗೆ ಪಕ್ಕದ ಮನೆಯೊಳಗೊಂದು ಕೂಗು. ಬಂದವರ ಮುಖ ನೋಡಿ ನೋಡಿ ರಾಜಲಕ್ಷ್ಮಮ್ಮನವರೇ ಅರ್ಥ ಮಾಡಿಕೊಂಡರಂತೆ. ಎರಡೂ ಕೈಯನ್ನು ಕಂಬಕ್ಕೆ ಹೊಡೆದುಕೊಂಡರಂತೆ. ಬಳೆಯೆಲ್ಲ ಚೂರು. ಮಣಿಕಟ್ಟಿನ ರಕ್ತ ಕಂಬದ ಮೇಲೆ. ಅಮ್ಮ ನೋಡಿ ಬಂದು ಹೇಳಿದರು.

ನಾಲ್ಕೂವರೆಗೆ ಬಸ್ಸು ಬಂತು. ಪ್ಲೀಡರು ಇಳಿದರು. ಬಗಲಲ್ಲಿ ಪುಸ್ತಕ. ಬೀದಿಯ ಗಂಡಸರೆಲ್ಲ ಎದ್ದು ನಿಂತರು. ನನ್ನ ಜನ್ಮದಲ್ಲೇ ಇದಕ್ಕಿಂತ ದೊಡ್ಡ ನಗೆಪಾಟಲು ನೋಡಿಲ್ಲ. ನಗು ಬರಲಿಲ್ಲ.

೨೦ ಮಾರ್ಚ್

ಪ್ಲೀಡರ ಜಗಲಿಯಲ್ಲಿ ವಿಚಾರಣೆ. ನರಸಮ್ಮ ಅಂಗಳದಲ್ಲಿ, ಬೀದಿಯೆಲ್ಲ ಸುತ್ತ. ಯಾರು ನಿಲ್ಲಿಸು ಅಂದದ್ದು ಎಂದು ಮೂರು ಸಲ ಕೇಳಿದರು. ಅವಳು ಒಂದು ಸಲ ನಮ್ಮ ಜಗಲಿಯ ಕಡೆ ನೋಡಿದಳು. ನಾನು ಕಂಬದ ಹಿಂದೆ ಸರಿದೆ.

“ನಂಗೇ ಅಂಗೆ ಅನ್ನುಸ್ತು ಬುದ್ಧಿ. ತಪ್ಪಾಯ್ತು.”

ಕೆಟ್ಟ ಕೈ, ಅದರ ಹೂವು ಇನ್ನು ಯಾವ ತಲೆಗೂ ಬೇಡ ಎಂದರು ಅಶ್ವತ್ಥಮ್ಮ. ನ್ಯಾಯಾಧೀಶರು ಇವರೇ. ಹದಿನಾರು ಮನೆಯೂ ತಲೆಯಾಡಿಸಿತು. ಹದಿನೈದನೆಯದು ನಮ್ಮದು.

೨೮ ಮಾರ್ಚ್

ಎಂಟು ದಿನ ಬರೆದಿಲ್ಲ. ಬರೆಯಲು ಏನಿದೆ. ಕೋಟೆ ಕಡೆಯ ಇನ್ನೊಬ್ಬಳು ಹೂವು ಕೊಡುತ್ತಿದ್ದಾಳೆ. ಮೊಗ್ಗಿಗಿಂತ ನಾರೇ ಹೆಚ್ಚು. ಬೀದಿ ಭಕ್ತಿಯಿಂದ ಮುಡಿಯುತ್ತಿದೆ. ನರಸಮ್ಮ ಮೊದಲ ಮೂರು ದಿನ ಬುಟ್ಟಿ ಹೊತ್ತು ಬಂದು ತುಂಬಿದ ಬುಟ್ಟಿ ಹೊತ್ತೇ ಹೋದಳು. ಆಮೇಲೆ ಬರಲಿಲ್ಲ.

೨೯ ಮಾರ್ಚ್

ಕೆರೆಯಾಚೆ ಹೋದೆ. ಬಳ್ಳಿಯ ತುಂಬ ಮೊಗ್ಗು ಅರಳಿ ಒಣಗಿದೆ, ಕಿತ್ತವರಿಲ್ಲ. ನರಸಮ್ಮ ಗಂಟು ಕಟ್ಟುತ್ತಿದ್ದಳು. ಯುಗಾದಿ ಆದ ಮಾರನೆಯ ದಿನ ಪುರವರಕ್ಕೆ, ಮಗಳ ಮನೆಗೆ. ಅಳಿಯನ ಬಾಗಿಲಲ್ಲಿ ಎಷ್ಟು ದಿನವೋ ಅಂದಳು. ಗಂಡ ಹೋದಮೇಲೆ ಹನ್ನೆರಡು ವರ್ಷ ಈ ಬುಟ್ಟಿಯೇ ಅವಳನ್ನು ಸಾಕಿದ್ದು.

ನನ್ನ ಹೆಸರು ಯಾಕೆ ಹೇಳಲಿಲ್ಲ ಎಂದೆ. ದೊಡ್ಡ ಮನಸ್ಸು, ಕ್ಷಮೆ, ಏನೋ ಬರುತ್ತದೆ ಎಂದುಕೊಂಡಿದ್ದೆ.

“ಹೇಳಿದ್ರೆ ನಂಬ್ತಿದ್ರಾ? ನನ್ ಮಾತ್ನ, ನಿನ್ ಮಾತ್ನ ಒಂದೇ ಮೊಳ್ದಾಗೆ ಅಳೀತಾರಾ ಆ ಬೀದಿಯೋರು? ಸುಳ್ಳಿ ಅಂತ ಇನ್ನೊಂದ್ ಸೇರ್ಕೊಂತಿತ್ತು. ಓಗು ಸಾಮಿ, ಓಗು.”

ನಾನು ಈ ಊರನ್ನು ಹೀಗಳೆದು ಬರೆದ ಪುಟಗಳನ್ನೆಲ್ಲ ಬಂದು ಓದಿದೆ. ಒಬ್ಬನ ಹೆಸರು ಬಿಟ್ಟುಹೋಗಿದೆ.

೩೦ ಮಾರ್ಚ್

ಕಕ್ಷಿದಾರರು ತುಂಬಿದ ಹೊತ್ತನ್ನೇ ಆರಿಸಿದೆ. ಪ್ಲೀಡರ ಜಗಲಿ ಹತ್ತಿ, ಹೂವು ನಿಲ್ಲಿಸೆಂದವನು ನಾನೇ ಎಂದು ಹೇಳಿದೆ. ಗಂಭೀರ ಮುಖ ಮಾಡಲು ಬರಲಿಲ್ಲ. ದನಿ ಆಡಿನ ಹಾಗೆ ಬಂತು.

ಪ್ಲೀಡರು ಕನ್ನಡಕ ತೆಗೆದು ಒರೆಸಿದರು. ಹೊಡೆಯಲಿಲ್ಲ. “ಇದೇ ಮಾತು ಉಳಿದ ಹದಿನೈದು ಬಾಗಿಲಲ್ಲೂ ಹೇಳಿ ಬಾ. ಆಮೇಲೆ ಆ ಸರ್ಟಿಫಿಕೇಟು ತಾ. ಹೆಚ್ಚಿಗೆ ಹೇಳೋಕೆ ಈಗ ನನಗೆ ಇಚ್ಛೆಯಿದೆ.” ಬಾಗಿಲ ಹಿಂದೆ ಬಳೆಯ ಸದ್ದು ಆಗಿ ನಿಂತಿತು.

ಹದಿನೈದೂ ಹೇಳಿದೆ. ಅಶ್ವತ್ಥಮ್ಮ ತಮಗೆ ಮೊದಲಿಂದಲೂ ಅನುಮಾನವಿತ್ತು ಎಂದರು. ಕೊನೆಯ ಬಾಗಿಲು ನಮ್ಮದು. ಅಮ್ಮ ಕೇಳಿ, ಅನ್ನ ಬಡಿಸಿ, ಒಳಗೆ ಹೋದರು.

ನಾಲ್ಕು ಮನೆ ಹೂವು ತರಲು ಹೇಳು ಎಂದವು. ಮಿಕ್ಕವು ಪ್ಲೀಡರ್ ಮನೆಯವರು ತೆಗೆದುಕೊಂಡರೆ ನೋಡೋಣ ಎಂದವು. ಕೆರೆಯಾಚೆ ಹೋಗಿ ಹೇಳಿ ಬಂದೆ. ನರಸಮ್ಮ ಗಂಟಿಗೆ ಇನ್ನೊಂದು ಸೀರೆ ತುರುಕಿದಳು.

೧ ಏಪ್ರಿಲ್, ಯುಗಾದಿ. ಬೆಳಿಗ್ಗೆ ಎಂಟು.

ಬಂದಳು. ಬೀದಿ ಪೂರ್ತಿ ಬಾಗಿಲಲ್ಲಿ ನಿಂತು ಕಾಯುತ್ತಿತ್ತು, ಕೈಯಲ್ಲಿ ಮಾವಿನೆಲೆ ಹಿಡಿದು, ತೋರಣ ಕಟ್ಟುವ ನೆಪದಲ್ಲಿ. ನರಸಮ್ಮ ಪ್ಲೀಡರ್ ಮನೆ ಮುಂದೆ ನಿಂತಳು. ಬುಟ್ಟಿ ಇಳಿಸಲಿಲ್ಲ.

ಪ್ಲೀಡರು ತೋಳು ಮಡಚಿಕೊಂಡು ಹೊರಬಂದರು. ಅವರ ಹಿಂದೆ ರಾಜಲಕ್ಷ್ಮಮ್ಮನವರು. ಗಂಡನನ್ನು ಪಕ್ಕಕ್ಕೆ ಸರಿಸಿ, ಹೊಸಿಲಲ್ಲಿ ನಿಂತು, ತಮ್ಮ ಕೈಯನ್ನೇ ಚಾಚಿದರು. ಹೊಸ ಹಸಿರು ಬಳೆ. ಅದರ ಕೆಳಗೆ ಇನ್ನೂ ಮಾಯದ ಗಾಯದ ಗೆರೆಗಳು. ಆ ಕೈ ನರಸಮ್ಮನ ಕೈಗಿಂತಲೂ ಗಿಡ್ಡ.

“ಇದ್ರಲ್ಲಿ ಅಳಿ ನರಸಮ್ಮ. ಸಾಕು.”

ನರಸಮ್ಮ ಬುಟ್ಟಿ ಇಳಿಸಿದಳು. ಎರಡು ಸಲ ಹಿಡಿದಳು, ಗಾಯಕ್ಕೆ ನಾರು ತಾಗದಂತೆ. ಕೊಯ್ಯುವ ಮೊದಲು ಇನ್ನೊಂದು ಗೇಣು ಬಿಟ್ಟಳು.

ಆಗ ರಾಜಲಕ್ಷ್ಮಮ್ಮನವರು ತಲೆಯೆತ್ತಿ ನಮ್ಮ ಜಗಲಿಯ ಕಡೆ ನೋಡಿದರು. ನಾನೊಂದು ಮಾತು ರಾತ್ರಿಯೆಲ್ಲ ಸಿದ್ಧಮಾಡಿಟ್ಟಿದ್ದೆ. ಬಾಯಿ ತೆರೆದೆ, ಅದು ಮರೆತು ಬಂದದ್ದು ನರಸಮ್ಮ ಅಂದು ಅಂಗಳದಲ್ಲಿ ಅಂದ ಮಾತೇ: ತಪ್ಪಾಯ್ತು.