ಕೂಳೂರು ಸೇತುವೆಯಿಂದ ವಾಪಸ್ ಬಂದ ಫೋಟೊ

ಉರ್ವ, ಮಂಗಳೂರು
೨ ಫೆಬ್ರವರಿ ೨೦೨೫, ಭಾನುವಾರ

ಚೈತಾಲಿಯ ಅಪ್ಪನಿಗೆ ಉಮಾವತಿಯ ನಮಸ್ಕಾರ.

ಹೇಗಿದ್ದೀರಿ? ಇಷ್ಟು ಬರೆದು ನನಗೇ ನಗು ಬಂತು. ಹದಿಮೂರು ವರ್ಷ ಸುದ್ದಿಯೇ ಇಲ್ಲದ ಗಂಡನನ್ನು ಮೊದಲು ಕೇಳುವ ಮಾತು ಇದಾ ಎಂದು. ಆದರೆ ಕಾಗದ ಎಂದ ಮೇಲೆ ಕ್ರಮ ಬಿಡಬಾರದು. ಚಳಿಗೆ ನಿಮಗೆ ಕೆಮ್ಮು ಹಿಡಿಯುತ್ತಿತ್ತು, ಕೊಲ್ಹಾಪುರದಲ್ಲಿ ಚಳಿ ನಮ್ಮಲ್ಲಿಗಿಂತ ಜಾಸ್ತಿಯಂತೆ, ಬಿಸಿನೀರು ಕುಡಿಯಿರಿ. ನಾನು ಚೆನ್ನಾಗಿದ್ದೇನೆ. ಮೊಣಕಾಲು ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಮುಂಬೈಗೆಂದು ಹೋದ ನೀವು ಫೋನ್ ನಿಲ್ಲಿಸಿದ ಎರಡನೇ ವರ್ಷ ಉರ್ವ ಮಾರ್ಕೆಟ್ಟಿನ ಬಾಗಿಲಲ್ಲಿ ಹೂವಿನ ಅಂಗಡಿ ಇಟ್ಟೆ, ಈಗಲೂ ಅದೇ. ಚೈತಾಲಿಗೆ ಸುರತ್ಕಲ್ಲಿನ ಒಂದು ಆಫೀಸಿನಲ್ಲಿ ಕೆಲಸ, ಸ್ಕೂಟರಿನಲ್ಲಿ ಹೋಗಿ ಬರುತ್ತಾಳೆ. ಈ ತಿಂಗಳ ಇಪ್ಪತ್ತಮೂರಕ್ಕೆ ಅವಳ ಮದುವೆ. ಹುಡುಗ ದೇರೆಬೈಲಿನವನು, ಮಾತು ಕಡಿಮೆ, ಅದೊಂದು ನೋಡಿಯೇ ನಾನು ಒಪ್ಪಿದೆ.

ನಿಮ್ಮ ವಿಳಾಸ ನನಗೆ ಹೇಗೆ ಸಿಕ್ಕಿತೆಂದು ಯೋಚಿಸುತ್ತಿರಬಹುದು. ನನ್ನ ಅಣ್ಣ ಎರಡು ಸಲ ಮುಂಬೈಗೆ ಹೋಗಿ ಹುಡುಕಿ ಬರಿಗೈಯಲ್ಲಿ ಬಂದಿದ್ದ. ಪೊಲೀಸಿನವರು ಒಂದು ಕಾಗದ ಬರೆದುಕೊಂಡು ಕಳಿಸಿದ್ದರು. ಕೊನೆಗೆ ನಿಮ್ಮನ್ನು ಹುಡುಕಿ ಕೊಟ್ಟದ್ದು ಸ್ಕೌಟ್ ಮಕ್ಕಳು. ಅದೂ ನಾನು ನಿಮ್ಮನ್ನು ಹೊಳೆಗೆ ಹಾಕಲು ಹೊರಟದ್ದರಿಂದ.

ಮದುವೆ ಮಾತುಕತೆ ನಿಶ್ಚಯ ಆಗುವ ಹೊತ್ತಿಗೆ, ಅಂದರೆ ನವೆಂಬರಿನಲ್ಲಿ, ಹುಡುಗನ ಕಡೆಯವರು ಮನೆ ನೋಡಲು ಬರುವವರಿದ್ದರು. ಗೋಡೆಯಲ್ಲಿ ನಿಮ್ಮ ದೊಡ್ಡ ಫೋಟೊ ಉಂಟಲ್ಲ, ಹೋಟೆಲಿನ ಉದ್ಘಾಟನೆಯ ದಿನ ಹಲ್ಲು ಕಾಣಿಸಿ ನಕ್ಕದ್ದು, ಅದಕ್ಕೊಂದು ಗಂಧದ ಹಾರ ಹಾಕಿ ಬಿಡು ಎಂದ ಅಣ್ಣ. ಹಾರ ಕಂಡರೆ ಯಾರೂ ಏನೂ ಕೇಳುವುದಿಲ್ಲ, ಆಮಂತ್ರಣ ಪತ್ರಿಕೆಯಲ್ಲೂ ಹೆಸರಿನ ಮುಂದೆ "ದಿ." ಎಂದು ಹಾಕಿಸಿದರೆ ಕೆಲಸ ಸುಲಭ, ಧಾರೆ ನಾನೂ ನಿನ್ನ ಅತ್ತಿಗೆಯೂ ಎರೆಯುತ್ತೇವೆ ಎಂದ. ಅವನು ಕೆಟ್ಟದ್ದಕ್ಕೆ ಹೇಳಿದ್ದಲ್ಲ. ಆದರೆ ಹಾಗೆ ಮಾಡಿದರೆ ನಾನು ಎಲ್ಲಿ ನಿಲ್ಲುವುದು? ಹಣೆಯ ಕುಂಕುಮ ಅಳಿಸಿ, ತಲೆಗೆ ಹೂ ಮುಡಿಯದೆ, ನಾನು ಹೆತ್ತು ಸಾಕಿದ ಮಗಳ ಧಾರೆಯನ್ನು ಮಂಟಪದ ಹಿಂದಿನಿಂದ ಇಣುಕಿ ನೋಡಬೇಕು. ನೀವು ಸತ್ತಿದ್ದೀರೋ ಬದುಕಿದ್ದೀರೋ ಎಂಬುದು ನಿಮ್ಮ ವಿಷಯ ಎಂದು ಅಷ್ಟು ವರ್ಷ ಸುಮ್ಮನಿದ್ದವಳಿಗೆ, ಅದು ನನ್ನ ವಿಷಯವೂ ಹೌದೆಂದು ಅವತ್ತು ಗೊತ್ತಾಯಿತು. ಹಾರ ಹಾಕಲು ಕೈ ಬರಲಿಲ್ಲ. ಹಾಗೇ ಇಟ್ಟುಕೊಳ್ಳಲೂ ಸಿಟ್ಟು. ಫೋಟೊವನ್ನು ಇಳಿಸಿ, ದೇವರ ಕೋಣೆಯ ಒಣ ಹೂವಿನ ಜೊತೆ ಕವರಿಗೆ ಹಾಕಿ ಗಂಟು ಕಟ್ಟಿ, ಕೂಳೂರಲ್ಲಿ ಹೊಳೆಗೆ ಹಾಕು ಎಂದು ಚೈತಾಲಿಯ ಕೈಗೆ ಕೊಟ್ಟೆ. ಒಳಗೆ ಎಂತ ಉಂಟೆಂದು ಅವಳಿಗೆ ಹೇಳಲಿಲ್ಲ.

ಕೂಳೂರು ಸೇತುವೆಯಲ್ಲಿ ಜನ ಗಾಡಿ ನಿಲ್ಲಿಸಿ ಕವರು ಎಸೆಯುವುದು ನಿಮ್ಮ ಕಾಲದಲ್ಲೂ ಇತ್ತು. ಬಾಡಿದ ಮಾಲೆ, ಗಾಜು ಒಡೆದ ದೇವರ ಪಟ, ತೀರಿಕೊಂಡವರ ಕನ್ನಡಕ, ಕಸದ ಗಾಡಿಗೆ ಕೊಡಲು ಮನಸ್ಸು ಬಾರದ್ದೆಲ್ಲ ಹೊಳೆಗೆ. ಈಗ ಭಾನುವಾರ ಬೆಳಿಗ್ಗೆ ಅಲ್ಲಿ ಸ್ಕೌಟ್, ಗೈಡ್ ಮಕ್ಕಳು ಕೊರಳಿಗೆ ಸ್ಕಾರ್ಫ್ ಕಟ್ಟಿಕೊಂಡು ಗೋಣಿ ಹಿಡಿದು ನಿಲ್ಲುತ್ತಾರೆ. ಎಸೆಯಬೇಡಿ ಎಂದು ಬೊಬ್ಬೆ ಹೊಡೆಯುವುದಿಲ್ಲ. ನಮಸ್ತೆ ಹೇಳಿ ಎರಡೂ ಕೈ ಚಾಚುತ್ತಾರೆ. ಆ ಭಾನುವಾರ ಚೈತಾಲಿಯೂ ಕವರನ್ನು ಅವರ ಕೈಗೇ ಕೊಟ್ಟು ಬಂದಿದ್ದಳು. ಅವರ ಮಾಸ್ಟ್ರು ಲಯನೆಲ್ ಅಂತ, ಶಾಲೆಯಲ್ಲಿ ಗಣಿತ ಕಲಿಸುವವರು, ಅವರ ಒಂದೇ ಕಟ್ಟಪ್ಪಣೆ ಎಂದರೆ ಕೊಟ್ಟವರ ಹತ್ತಿರ ಏನೂ ಕೇಳಬಾರದು. ಆಮೇಲೆ ಶಾಲೆಯ ಹಿತ್ತಿಲಲ್ಲಿ ಎಲ್ಲ ಬಿಚ್ಚಿ ಬೇರೆ ಮಾಡುತ್ತಾರೆ. ಹೂವು ಗೊಬ್ಬರದ ಗುಂಡಿಗೆ, ಚೌಕಟ್ಟಿನ ಮರ ಬಡಗಿಗೆ, ದೇವರ ಕಾಗದ ತೆಂಗಿನ ಬುಡದ ಮಣ್ಣಿಗೆ. ಗಣಪತಿಗೂ ಮಾತೆ ಮರಿಯಳಿಗೂ ಒಂದೇ ಮರ್ಯಾದೆ. ನಾನು ಬೆಳಿಗ್ಗೆ ಮಾರಿದ ಮಲ್ಲಿಗೆಯೇ ವಾರ ಕಳೆದು ಅಲ್ಲಿಗೆ ಬಂದು ಬೀಳುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ಮೂರನೇ ದಿನ ಸಂಜೆ ಅಂಗಳಕ್ಕೆ ಇಬ್ಬರು ಬಂದರು. ನಿರೀಕ್ಷಾ ಎಂಬ ಒಂಬತ್ತನೇ ಕ್ಲಾಸಿನ ಹುಡುಗಿ, ಅವಳ ಹಿಂದೆ ಗೌರವ್ ಎಂಬ ಪೋಕರಿ. ಕೈಯಲ್ಲಿ ನೀವು. ಹೊಸ ಗಾಜು, ಒರೆಸಿ ಹೊಳೆಯುವ ಚೌಕಟ್ಟು, ಕೊರಳಿಗೆ ಗಂಧದ ಹಾರ. ಇಷ್ಟು ಚೆನ್ನಾಗಿ ನಗುವವರನ್ನು ಯಾರೂ ಬೇಕೆಂದು ಬಿಸಾಡುವುದಿಲ್ಲ, ಹೂವಿನ ಜೊತೆ ತಪ್ಪಿ ಬಂದಿರಬೇಕೆಂದು ಮಕ್ಕಳ ತೀರ್ಮಾನವಂತೆ. ಹಿಂಬದಿಯಲ್ಲಿ ಫ್ರೇಮಿನ ಅಂಗಡಿಯವ ಬರೆದ ನಿಮ್ಮ ಹೆಸರು, ಉರ್ವ ಮಾರ್ಕೆಟ್ ಎಂಬ ಎರಡು ಶಬ್ದ. ಅಷ್ಟನ್ನೇ ಹಿಡಿದು ಬೊಂಡ ಕೆತ್ತಿ ಕೊಡುವ ಚನಿಯನಿಂದ ಹಿಡಿದು ಎಲ್ಲರನ್ನೂ ಕೇಳಿ ಮನೆ ಮುಟ್ಟಿದ್ದರು. ದಿನಕ್ಕೊಂದು ಉಪಕಾರ ಮಾಡಬೇಕೆಂದು ಅವರಿಗೆ ನಿಯಮ, ಅವತ್ತಿನ ಉಪಕಾರ ನಾನು. ಅಣ್ಣ ಹಾಕು ಎಂದ ಹಾರವನ್ನು ನಾನು ಹಾಕದಿದ್ದರೂ ಊರಿನ ಮಕ್ಕಳು ಹಾಕಿ ತಂದರು.

ನಿರೀಕ್ಷಾ ಒಂದು ಪುಸ್ತಕ ತೆಗೆದಳು. ಸಿಕ್ಕಿದ್ದನ್ನೆಲ್ಲ ಬರೆದಿಡುತ್ತಾರೆ, ದೇವರ ಪಟ ಒಂದು ಸಾಲು, ತೀರಿಕೊಂಡವರ ಪಟ ಇನ್ನೊಂದು ಸಾಲು. ಅವರು ಯಾವಾಗ ತೀರಿಕೊಂಡದ್ದು ಆಂಟಿ ಎಂದು ಪೆನ್ನು ಹಿಡಿದು ಕೇಳಿದಳು. ಗೊತ್ತಿಲ್ಲ ಮಗಾ ಎಂದೆ. ಲಯನೆಲ್ ಮಾಸ್ಟ್ರ ಕಟ್ಟಪ್ಪಣೆ ಅಲ್ಲಿಗೆ ಮುಗಿಯಿತು. "ಗೊತ್ತಿಲ್ಲ ಅಂದ್ರೆ ಎಂತ ಆಂಟಿ? ಸತ್ತದ್ದು ಯಾವಾಗ ಅಂತ ಗೊತ್ತಿಲ್ವಾ, ಸತ್ತದ್ದಾ ಅಂತಲೇ ಗೊತ್ತಿಲ್ವಾ?" ಎಂದು ಗೌರವ್ ಕೇಳಿಯೇ ಬಿಟ್ಟ. ನಿಮ್ಮಾಣೆ, ಹದಿಮೂರು ವರ್ಷದಲ್ಲಿ ಯಾರೂ ನನ್ನನ್ನು ಇಷ್ಟು ನೆಟ್ಟಗೆ ಕೇಳಿರಲಿಲ್ಲ. ದೊಡ್ಡವರೆಲ್ಲ ನನ್ನ ಕರಿಮಣಿ ನೋಡಿ ಮಾತು ಬದಲಿಸುವವರು. ನಾನು ಆ ಹುಡುಗನಿಗೆ ನಿಜ ಹೇಳಿದೆ. ಹಾರವನ್ನು ತೆಗೆದು ಅವನ ಕೈಯಲ್ಲೇ ಕೊಟ್ಟು ಕಳಿಸಿದೆ.

ಮರುದಿನ ಮಾಸ್ಟ್ರು ಕ್ಷಮೆ ಕೇಳಲು ಅಂಗಡಿಗೆ ಬಂದರು. ಕ್ಷಮೆ ಇರಲಿ, ಈ ಮಕ್ಕಳು ಕಾಡಿನಲ್ಲಿ ಡೇರೆ ಹಾಕಿ ಮಾಡುವುದು ಎಂತ ಎಂದು ನಾನು ಕೇಳಿದೆ. ನನ್ನ ಕುತೂಹಲ ನಿಮಗೆ ಗೊತ್ತುಂಟಲ್ಲ, ಪಕ್ಕದ ಮನೆಗೆ ಬಂದ ಪಾರ್ಸೆಲ್ ಬಿಚ್ಚುವವರೆಗೆ ನನಗೆ ಅನ್ನ ಇಳಿಯುವುದಿಲ್ಲ ಎಂದು ನೀವೇ ಹೇಳುತ್ತಿದ್ದಿರಿ. ಬಂದು ನೋಡಿ ಎಂದರು. ಕ್ರಿಸ್ಮಸ್ ರಜೆಯಲ್ಲಿ ಗುರುಪುರ ಹೊಳೆಯ ಬದಿಯ ತೆಂಗಿನ ತೋಟದಲ್ಲಿ ಮೂರು ದಿನದ ಶಿಬಿರ, ಗೈಡ್ ಹುಡುಗಿಯರ ಜೊತೆ ಇರಲು ಒಬ್ಬರು ಹೆಂಗಸು ಬೇಕಿತ್ತು. ಅಂಗಡಿಗೆ ರಜೆ ಹಾಕಿ ಹೋದೆ. ಅಡಿಗೆ ನಾನು ಮಾಡಬಾರದಂತೆ, ನೋಡಬಹುದಂತೆ. ಅದಕ್ಕಿಂತ ದೊಡ್ಡ ಶಿಕ್ಷೆ ಉಂಟಾ? ಮೊದಲ ದಿನದ ಗಂಜಿ ತಳ ಹಿಡಿದು ಕಪ್ಪು, ಚಟ್ನಿಯಲ್ಲಿ ಉಪ್ಪೇ ಇಲ್ಲ, ಮಕ್ಕಳು ಬಡಿಸಿಕೊಂಡು ಬಡಿಸಿಕೊಂಡು ಉಂಡರು. ಬಿದಿರು, ಹಗ್ಗದಲ್ಲಿ ಪಾತ್ರೆ ಇಡುವ ಅಟ್ಟ ಕಟ್ಟಿದರು. ಅವರ ಒಂದು ಗಂಟೂ ನಾನು ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುವ ಗಂಟೂ ಹೆಚ್ಚುಕಡಿಮೆ ಒಂದೇ ಎಂದು ನಾನು ತೋರಿಸಿಕೊಟ್ಟಾಗ ಲಯನೆಲ್ ಮಾಸ್ಟ್ರು ಮೂರು ಸಲ ಬಿಚ್ಚಿಸಿ ಕಟ್ಟಿಸಿದರು. ಅವತ್ತಿನಿಂದ ನನಗೂ ಒಂದು ಸ್ಕಾರ್ಫ್. ಐವತ್ತೆರಡನೇ ವಯಸ್ಸಿಗೆ ಸೀರೆಯ ಮೇಲೆ ಸ್ಕಾರ್ಫ್ ಕಟ್ಟಿಕೊಂಡ ನನ್ನನ್ನು ನೋಡಿ ಚೈತಾಲಿ ನೆಲಕ್ಕೆ ಕೂತು ನಕ್ಕಳು.

ಎರಡನೇ ದಿನ ಬೆಳಿಗ್ಗೆ ಜಾಡು ಹಿಡಿಯುವ ಆಟ. ಒಂದು ತಂಡ ಮೊದಲು ಹೋಗಿ ಕಲ್ಲು, ಹುಲ್ಲು, ಕಡ್ಡಿಯಲ್ಲಿ ಗುರುತು ಇಟ್ಟು ಹೋಗುತ್ತದೆ, ಉಳಿದವರು ಹುಡುಕುತ್ತ ಹೋಗಬೇಕು. ಗೌರವನಿಗೆ ಅರ್ಧ ಗಂಟೆಯಲ್ಲಿ ಬೇಜಾರು ಬಂತು. ಅಡಗಿ ಕೂತವರು ಎಲ್ಲಿದ್ದಾರೆಂದು ಮಾಸ್ಟ್ರಿಗೆ ಗೊತ್ತೇ ಉಂಟು, ಯಾರಿಗೂ ಗೊತ್ತಿಲ್ಲದವರನ್ನು ಹುಡುಕಿದರೆ ಅಲ್ವಾ ಆಟ ಎಂದು ನನ್ನ ಮುಖ ನೋಡಿದ. ನಿರೀಕ್ಷಾ ಅವನ ಕಾಲು ತುಳಿದಳು. ಕೇಳಿ ಮಕ್ಕಳೇ ಎಂದೆ ನಾನು. ಒಂದು ಗಂಟೆ ಕೇಳಿದರು. ಎಡಗೈಯಲ್ಲಿ ಬರೆಯುತ್ತಾರೆ, ವಾಚು ಬಲಗೈಗೆ. ಎಡ ಹುಬ್ಬಿನಲ್ಲಿ ಕ್ರಿಕೆಟ್ ಬಾಲಿನ ಗಾಯ. ಪೇಪರನ್ನು ನಾಲ್ಕಾಗಿ ಮಡಚಿ ಕಂಕುಳಲ್ಲಿ ಇಟ್ಟುಕೊಳ್ಳುತ್ತಾರೆ. ಹೋಟೆಲು ಬಿಟ್ಟರೆ ಬೇರೆ ಕೆಲಸ ಬಾರದು. ಹೇಳುತ್ತ ಹೇಳುತ್ತ ನನಗೇ ಆಶ್ಚರ್ಯ, ಒಂದೂ ಮರೆತಿರಲಿಲ್ಲ. ಯಾಕೆ ಹೋದರು ಎಂಬ ಪ್ರಶ್ನೆಯ ಎದುರು ಮಾತ್ರ ನಿರೀಕ್ಷಾ ಒಂದು ಗೆರೆ ಎಳೆದಳು.

ನಿರೀಕ್ಷಾಳ ಮಾವ ಮುಖೇಶ್ ಮಹಾರಾಷ್ಟ್ರದಲ್ಲಿ ಹೋಟೆಲು ಲೈನಿನಲ್ಲೇ ಇರುವವರು. ನಮ್ಮ ಊರಿನ ಹೋಟೆಲಿನವರದ್ದೇ ಒಂದು ವಾಟ್ಸಾಪ್ ಗುಂಪು ಉಂಟಂತೆ, ನಿಮ್ಮ ಫೋಟೊ, ಮಕ್ಕಳ ಪಟ್ಟಿ ಎರಡೂ ಅಲ್ಲಿಗೆ ಹೋಯಿತು. ಸಂಕ್ರಾಂತಿಯ ದಿನ ಮಧ್ಯಾಹ್ನ ಇಬ್ಬರೂ ಓಡಿಕೊಂಡು ಅಂಗಡಿಗೆ ಬಂದರು. ಫೋನಿನಲ್ಲಿ ಕೊಲ್ಹಾಪುರದ ಒಂದು ಹೋಟೆಲಿನ ಕೌಂಟರು, ಹಿಂದೆ ಕೂತ ಬಿಳಿ ತಲೆಯ ಗಂಡಸು, ಬಲಗೈಯಲ್ಲಿ ವಾಚು. ಮೊದಲು ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಬದುಕಿದ್ದಾರೆ ಎಂದು ಗಟ್ಟಿಯಾಗಿ ಹೇಳಿದೆ, ಪಕ್ಕದಲ್ಲಿ ತರಕಾರಿ ಮಾರುವ ಲಿಲ್ಲಿಬಾಯಿಗೂ ಕೇಳುವ ಹಾಗೆ. ಸಿಟ್ಟು ಬಂದದ್ದು ಆಮೇಲೆ, ಮನೆಗೆ ಬಂದು ಪಾತ್ರೆ ತೊಳೆಯುವಾಗ. ನಿರೀಕ್ಷಾ ತನ್ನ ಪುಸ್ತಕದಲ್ಲಿ ನಿಮಗಾಗಿಯೇ ಒಂದು ಹೊಸ ಸಾಲು ಎಳೆದು "ವಾಪಸ್ ಕೊಟ್ಟದ್ದು" ಎಂದು ಬರೆದಿದ್ದಾಳೆ.

ಚೈತಾಲಿಗೆ ಹೇಳಿದೆ. "ಬಂದರೆ ಊಟ ಹಾಕುವ, ಅಮ್ಮ" ಎಂದಳು. ಅಣ್ಣನಿಗೆ ಮಾತ್ರ ದೊಡ್ಡ ಸಮಾಧಾನ. ಗಂಡಸು ಬದುಕಿದ್ದಾನೆ ಎಂದ ಮೇಲೆ ಬಂದು ನಿನ್ನ ಪಕ್ಕ ನಿಂತು ಧಾರೆ ಎರೆಯಲಿ, ಊರಿನ ಬಾಯಿ ಮುಚ್ಚುತ್ತದೆ, ಹಿಂದಿನದ್ದು ಯಾರೂ ಕೇಳುವುದಿಲ್ಲ, ಬರೆ ಎಂದು ಎದುರು ಕೂತು ಹೇಳಿದ. ಅದಕ್ಕೆ ಬರೆದಿದ್ದೇನೆ. ಪತ್ರಿಕೆ ಜೊತೆಗಿಟ್ಟಿದ್ದೇನೆ, ಅದರಲ್ಲಿ ನಿಮ್ಮ ಹೆಸರಿನ ಮುಂದೆ ಏನೂ ಇಲ್ಲ. ಮುಹೂರ್ತ ಹನ್ನೊಂದೂವರೆಗೆ. ಬರುವುದು ಹೌದೋ ಅಲ್ಲವೋ ಎಂದು ಕೂಡಲೇ ತಿಳಿಸಬೇಕಂತೆ.

ದೇಹ ಜೋಪಾನ. ಎಲ್ಲಿದ್ದರೂ ನಿಮಗೆ ಹೊತ್ತಿಗೆ ಊಟ, ಕಣ್ತುಂಬ ನಿದ್ದೆ ಸಿಗಲಿ ಎಂದು ಕೇಳಿಕೊಳ್ಳುತ್ತೇನೆ.

ಇಷ್ಟೇ,
ಉಮಾವತಿ

ಮತ್ತೆ: ಅಣ್ಣ ಮೇಲಿನದ್ದೆಲ್ಲ ಓದಿ, ಸರಿ ಉಂಟು ಎಂದು ಹೇಳಿ ಈಗಷ್ಟೇ ಹೋದ. ಟಪಾಲು ಡಬ್ಬಿಗೆ ಹಾಕಲು ನಿರೀಕ್ಷಾ ಗೇಟಿನಲ್ಲಿ ನಿಂತಿದ್ದಾಳೆ, ಬೇಗ ಬೇಗ ಬರೆಯುತ್ತೇನೆ. ಕಳೆದ ಮಂಗಳವಾರ ಮಹಾಲಕ್ಷ್ಮಿಗೆ ಹರಕೆ ಉಂಟೆಂದು ಮನೆಯಲ್ಲಿ ಹೇಳಿ ನಾನು ಕೊಲ್ಹಾಪುರಕ್ಕೆ ಬಂದಿದ್ದೆ. ಫೋನಿನ ಫೋಟೊ ಸಾಕಾಗಲಿಲ್ಲ, ಕಣ್ಣಾರೆ ನೋಡಬೇಕಿತ್ತು. ನಿಮ್ಮ ಕೌಂಟರಿನ ಎದುರಿನ ಮೇಜಿನಲ್ಲಿ ಒಂದು ಪ್ಲೇಟ್ ಇಡ್ಲಿ ಮುಂದಿಟ್ಟುಕೊಂಡು ಮುಕ್ಕಾಲು ಗಂಟೆ ಕೂತಿದ್ದೆ. ಏಳುವಾಗ ಎದುರು ಬಂದು ನಿಂತೆ. ನೀವು ನನ್ನ ಮುಖ ನೋಡಿದಿರಿ, ಚೆನ್ನಾಗಿಯೇ ನೋಡಿದಿರಿ, ಸೋಂಪಿನ ತಟ್ಟೆ ಮುಂದೆ ಸರಿಸಿ "ಔರ್ ಕುಛ್ ಚಾಹಿಯೇ, ಬೆಹೆನ್‌ಜೀ?" ಎಂದಿರಿ. ಇನ್ನೇನೂ ಬೇಡ ಎಂದು ತಲೆಯಾಡಿಸಿ ಹೊರಗೆ ಬಂದೆ. ಪತ್ರಿಕೆ ಚೀಲದಲ್ಲೇ ಇತ್ತು. ಬಸ್ಸಿನಲ್ಲಿ ಅಂಕೋಲದವರೆಗೆ ಅತ್ತೆ, ಆಮೇಲೆ ಯೋಚನೆ ಮಾಡಿದೆ. ನಿನ್ನೆ ಹುಡುಗನ ತಾಯಿಯ ಹತ್ತಿರ ಹೋಗಿ ಎಲ್ಲ ಹೇಳಿದೆ, ಆ ಹೆಂಗಸು ನನ್ನ ಕೈ ಹಿಡಿದು ಒಪ್ಪಿದರು. ಅಣ್ಣನಿಗೆ ಗೊತ್ತಾಗುವುದು ಮಂಟಪದಲ್ಲಿಯೇ. ಹಾಗಾಗಿ ನೀವು ಉತ್ತರ ಬರೆಯಬೇಕಾಗಿಲ್ಲ. ಬರುವುದಾದರೆ ಊಟಕ್ಕೆ ಬನ್ನಿ, ಮಗಳು ಹಾಕುತ್ತಾಳೆ. ಅವತ್ತೂ ನನ್ನ ಗುರುತು ಸಿಗದಿದ್ದರೆ ಮಂಟಪದ ಮೇಲೆ ನೋಡಿ. ಧಾರೆಯ ಗಿಂಡಿ ಹಿಡಿದು ಒಬ್ಬಳೇ ನಿಂತವಳು ನಾನು.